ಒಂದು ಚೊಂಬು ಮಳೆ

ಮಳೆ ಯಾವಾಗ ಬರುತ್ತದೆ ಅಂತ ಹೇಳುವವರನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ಬಂದು ಹೋದ ಮಳೆ ಎಷ್ಟಿತ್ತು ಅಂತ ಹೇಳುವವರನ್ನು ಮಾತ್ರ ಸರ್ಕಾರ ಕಣ್ಣು ಮುಚ್ಚಿಕೊಂಡು ನಂಬುತ್ತದೆ. ಭುವನಾ ಈ ಎರಡನೇ ಪಂಗಡದವಳು. ಹುಟ್ಟೂರು ಕೊರಟಗೆರೆ, ಅಪ್ಪನದು ಜವಳಿ ಅಂಗಡಿ. ಪುಣೆಯಲ್ಲಿ ಹವಾಮಾನ ಓದಿ, ಡಾಕ್ಟರೇಟ್ ಮಾಡಿ, ಈಗ ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. "ನಮ್ಮ ಹುಡುಗಿ ಮೋಡ ಓದ್ತಾಳೆ" ಅಂತ ಅವಳಪ್ಪ ಗಿರಾಕಿಗಳ ಮುಂದೆ ಬೀಗಿದರೆ, "ಓದಿದ್ದು ಸಾಕು, ಒಂದ್ ನಾಕ್ ಮೋಡ ಈ ಕಡೆ ಕಳ್ಸಕ್ಕೇಳಿ ಯಜಮಾನ್ರೇ" ಅಂತ ಅವರು ಕಾಲೆಳೆಯುತ್ತಿದ್ದರು.

ಅವಳ ವಾದ ಇಷ್ಟೇ. ಚನ್ನರಾಯನದುರ್ಗದಿಂದ ಮಧುಗಿರಿ ದಾಟಿ ಪಾವಗಡದವರೆಗೆ ಬಿಡಿಬಿಡಿಯಾಗಿ ಎದ್ದು ನಿಂತಿರುವ ಬಂಡೆಬೆಟ್ಟಗಳು ಹಗಲೆಲ್ಲ ಬಿಸಿಲಿಗೆ ಕಾಯುತ್ತವೆ. ಸಂಜೆಯಾಗುವ ಹೊತ್ತಿಗೆ ಆ ಕಾವು ಗಾಳಿಯನ್ನು ಮೇಲಕ್ಕೆ ದಬ್ಬಿ ಪುಟ್ಟ ಪುಟ್ಟ ಮೋಡ ಕಟ್ಟುತ್ತದೆ. ಅಂಥ ಮೋಡ ಒಂದು ಊರಿನ ಮೇಲೆ ಧೋ ಅಂತ ಸುರಿದು, ಪಕ್ಕದ ಊರಿಗೆ ಹನಿಯನ್ನೂ ಕೊಡದೆ ಹೋಗುತ್ತದೆ. ಊರವರಿಗೆ ಇದೇನೂ ಹೊಸದಲ್ಲ. ಆದರೆ ಅವರು ಹೇಳಿದರೆ ಅದು ಕಟ್ಟೆ ಮಾತು. ಭುವನಾ ಹೇಳಬೇಕೆಂದರೆ ಲೆಕ್ಕ ಬೇಕು. ಅದಕ್ಕೆಂದೇ ಅವಳು ಆ ಸುತ್ತಿನ ತಾಲ್ಲೂಕುಗಳಲ್ಲಿ ಅಲ್ಲಲ್ಲಿ ಮಳೆ ಮಾಪಕಗಳನ್ನು ನೆಡಿಸಿದ್ದಳು. ಮೇಲೆ ಅಗಲ ಬಾಯಿಯ ಆಲಿಕೆ, ಒಳಗೆ ತುಂಬಿದಾಗೆಲ್ಲ ಮಗುಚಿಕೊಳ್ಳುವ ಚಮಚದಂಥ ಪುಟ್ಟ ಬಟ್ಟಲು. ಅದು ಎಷ್ಟು ಸಲ ಮಗುಚಿತು ಅನ್ನುವುದು ಸಿಮ್ ಮೂಲಕ ಬೆಂಗಳೂರಿಗೆ ಹೋಗುತ್ತಿತ್ತು. ಸಂಶೋಧನೆಗೆಂದು ನೆಟ್ಟಿದ್ದಾದರೂ ಅವಳು ಸರಿ ಅಂದ ಲೆಕ್ಕವನ್ನೇ ಜಿಲ್ಲೆಯವರೂ ಬರದ ಪಟ್ಟಿ ಮಾಡುವಾಗ ತೆಗೆದುಕೊಳ್ಳುತ್ತಿದ್ದರು.

ಅಂಥ ಒಂದು ಮಾಪಕ ಬರಗೂರಿನಿಂದ ಆಚೆ, ಕರೇಕಲ್ಲಹಟ್ಟಿಯಲ್ಲಿತ್ತು. ಹಟ್ಟಿಯ ಬೇಲಿಗೆ ತಾಗಿದಂತೆ ಕೆಂಪಕ್ಕನ ಹೊಲ, ಹೊಲದ ಮೂಲೆಯಲ್ಲಿ ಈ ಡಬ್ಬ. ಜಾಗ ಕೇಳಲು ಹೋದ ದಿನ ಕೆಂಪಕ್ಕ, "ಇದೇನ್ ಮಾಡ್ತೈತೆ?" ಅಂದಿದ್ದಳು. ಭುವನಾ ಸುಲಭವಾಗಲೆಂದು, "ಇದರ ತಲೆ ಮೇಲೆ ಬಿದ್ದರೇನೇ ಕೆಂಪಕ್ಕ, ನಿಮ್ಮೂರಲ್ಲಿ ಮಳೆ ಬಂತು ಅಂತ ಬೆಂಗಳೂರಿಗೆ ಗೊತ್ತಾಗೋದು" ಅಂದಿದ್ದಳು. ಕೆಂಪಕ್ಕ ಹೊಲದ ಮೂಲೆ ಬಿಟ್ಟುಕೊಟ್ಟಳು. ಅಂದಿನಿಂದ ಭುವನಾ ಮಾಪಕ ನೋಡಲು ಬಂದಾಗೆಲ್ಲ ಊಟ ಹಾಕದೆ ಕಳಿಸಿದ್ದೇ ಇಲ್ಲ.

ಆ ವರ್ಷ ಪುಷ್ಯ ಮಳೆ ಕೈಕೊಟ್ಟಿತು. ಆಶ್ಲೇಷವೂ ಮುಖ ತೋರಿಸಿ ಹೋಯಿತು. ಕಡ್ಲೇಕಾಯಿ ಗಿಡ ಹೊಲದಲ್ಲೇ ಬಾಡಿತು. ಎಲ್ಲ ಮಾಪಕಗಳೂ ವಾರಗಟ್ಟಲೆ ಸೊನ್ನೆ ಕಳಿಸುತ್ತಿದ್ದಾಗ, ಶ್ರಾವಣದ ಒಂದು ಬೆಳಿಗ್ಗೆ ಭುವನಾ ಕಂಪ್ಯೂಟರ್ ತೆರೆದರೆ, ಕರೇಕಲ್ಲಹಟ್ಟಿಯಲ್ಲಿ ಹಿಂದಿನ ಸಂಜೆ ಮೂವತ್ತು ಮಿಲಿಮೀಟರ್ ಮಳೆ! ಸುತ್ತಲಿನ ಊರುಗಳಲ್ಲೆಲ್ಲ ಸೊನ್ನೆ. ಅವಳು ಕುರ್ಚಿಯಿಂದ ಎದ್ದೇ ಬಿಟ್ಟಳು. ವರ್ಷಗಳಿಂದ ಹೇಳುತ್ತಾ ಬಂದಿದ್ದ ಮಳೆ ಇದೇ. ಉಪಗ್ರಹದ ಚಿತ್ರದಲ್ಲೂ ಆ ಹೊತ್ತಿಗೆ ಆ ಕಡೆ ಒಂದು ಬಿಳಿ ಚುಕ್ಕೆ ಇತ್ತು.

ಕಂಪ್ಯೂಟರ್ ಮಾತ್ರ ಆ ಅಂಕಿಯ ಪಕ್ಕ ಕೆಂಪು ಗುರುತು ಹಾಕಿ ಕೂತಿತ್ತು. ಅಕ್ಕಪಕ್ಕದವರ ಜೊತೆ ಹೊಂದದ ಲೆಕ್ಕ ಬಂದರೆ ಅದು ಅನುಮಾನ ಪಡುತ್ತದೆ. ಆಗ ಮಾಡಬೇಕಾದದ್ದು ಏನು ಅಂತ ಭುವನಾಳೇ ನಿಯಮ ಮಾಡಿದ್ದಳು: ಆ ಊರಿನ ಯಾರಿಗಾದರೂ ಫೋನ್ ಮಾಡಿ, ಮಳೆ ಬಂತಾ ಅಂತ ಕೇಳಬೇಕು. ಬಂತು ಅಂದರೆ ಒಪ್ಪಬೇಕು, ಇಲ್ಲ ಅಂದರೆ ಹೊಡೆದು ಹಾಕಬೇಕು. ಅವಳು ಫೋನ್ ಕೈಗೆತ್ತಿಕೊಂಡಳು. ಕೆಂಪಕ್ಕನ ನಂಬರ್ ತೆಗೆದಳು. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಒಪ್ಪಿಗೆಯ ಗುಂಡಿ ಒತ್ತಿದಳು.

ಯಾಕೆ ಮಾಡಲಿಲ್ಲ? ಪುರುಸೊತ್ತು ಇರಲಿಲ್ಲ ಅಂತ ಆಗ ತನಗೆ ತಾನೇ ಹೇಳಿಕೊಂಡಳು. ಸುಳ್ಳು. ಕೆಂಪಕ್ಕ "ಇಲ್ಲ ಕಣಮ್ಮ" ಅಂದುಬಿಟ್ಟರೆ ಅನ್ನುವ ಹೆದರಿಕೆ ಅವಳೊಳಗೆ ಸಾಸಿವೆಯಷ್ಟು ಇತ್ತು. ಇಷ್ಟು ಚೆಂದದ ಅಂಕಿ ಕೈಗೆ ಬಂದಾಗ ಅದನ್ನು ಯಾರ ಬಾಯಿಗಾದರೂ ಯಾಕೆ ಹಾಕಬೇಕು? ಆ ವಾರವೇ ಅದನ್ನು ತನ್ನ ಪ್ರಬಂಧದ ಮೊದಲ ಚಿತ್ರವಾಗಿ ಹಾಕಿ, ಹೊರದೇಶದ ಪತ್ರಿಕೆಗೆ ಕಳಿಸಿದಳು.

ಅದಾದ ಮೇಲೆ ಬರದ ಪಟ್ಟಿ ಬಂತು. ಅದರಲ್ಲಿದ್ದ ಪಂಚಾಯ್ತಿಗೆ ಮಾತ್ರ ಸರ್ಕಾರ ದನಗಳ ಮೇವಿಗೆಂದು ಗೋಶಾಲೆ ತೆರೆಯುತ್ತದೆ. ಸುತ್ತಲಿನ ಪಂಚಾಯ್ತಿಗಳೆಲ್ಲ ಅದರಲ್ಲಿದ್ದವು. ಕರೇಕಲ್ಲಹಟ್ಟಿಯ ಪಂಚಾಯ್ತಿ ಇರಲಿಲ್ಲ.

ಭುವನಾಗೆ ಅದು ಗೊತ್ತಾಗಿದ್ದು ಮಾಪಕದ ಬಾಯಿ ಸ್ವಚ್ಛ ಮಾಡಲು ಹಟ್ಟಿಗೆ ಹೋದಾಗಲೇ. ಆಗ ಶ್ರಾವಣ ಕಳೆದು ಭಾದ್ರಪದವೂ ಮುಗಿಯುತ್ತಾ ಬಂದಿತ್ತು. ಕೆಂಪಕ್ಕ ದೂರದಿಂದಲೇ ಕೂಗಿದಳು: "ಬಾ ಭುವನಮ್ಮ! ಏನ್ ಇಂಗೆ ಸೊರಗೋಗಿದ್ದೀಯ? ಬೆಂಗ್ಳೂರ್ನಾಗೂ ಮೇವಿಲ್ವಾ?"

ಭುವನಾ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಹೊಲದ ಆಚೆ, ಜಾಲಿಮುಳ್ಳಿನ ಬೇಲಿ ಹಾಕಿದ ರೊಪ್ಪದಲ್ಲಿ ದನಗಳು ನಿಂತಿದ್ದವು. ನಿಂತಿದ್ದವು ಅನ್ನುವುದೂ ದೊಡ್ಡ ಮಾತು. ಪಕ್ಕೆಲುಬು ಎಣಿಸಬಹುದಿತ್ತು, ಸೊಂಟದ ಮೂಳೆ ಚರ್ಮ ಹರಿದು ಬರುವಂತೆ ಚಾಚಿತ್ತು. ಒಂದು ಬಿಳೀ ಹಸು ಮಲಗಿದ ಕಡೆಯೇ ಕತ್ತು ಚಾಚಿತ್ತು. ಅದರ ಬಾಯಿಯ ಹತ್ತಿರ ಕೆಂಪಕ್ಕನ ಭಾವ ಬೋರಣ್ಣ ಕುಕ್ಕರುಗಾಲಲ್ಲಿ ಕೂತು ಆಲದ ಸೊಪ್ಪು ಹಿಡಿದಿದ್ದ.

ಅವು ಹಟ್ಟಿಯ ದೇವರಿಗೆ ಬಿಟ್ಟ ದನಗಳು. ಅವಕ್ಕೆ ಮೂಗುದಾರ ಇಲ್ಲ, ನೊಗ ಇಲ್ಲ, ಸಂತೆ ಇಲ್ಲ. ಅವನ್ನು ಕಾಯುವ ಕಿಲಾರಿ ಬೋರಣ್ಣ. ಬರ ಬಂದರೆ ಉಳಿದವರು ತಮ್ಮ ದನ ಸಂತೆಗೆ ಹೊಡೆದು ಕೈ ತೊಳೆದುಕೊಳ್ಳುತ್ತಾರೆ. ದೇವರ ದನವನ್ನು ಮಾರುವಂತಿಲ್ಲ. ಅವು ರೊಪ್ಪದಲ್ಲೇ ಬದುಕಬೇಕು, ಇಲ್ಲವೇ ರೊಪ್ಪದಲ್ಲೇ ಸಾಯಬೇಕು.

"ಎಲ್ಡ್ ಹೋದ್ವು ಕಣಮ್ಮ" ಅಂದ ಬೋರಣ್ಣ, ತಲೆ ಎತ್ತದೆ. "ಇದು ಮೂರ್ನೇದು. ಜಾಲಿಕಾಯಿ ತಂದೆ, ಆಲದ್ ಸೊಪ್ಪು ತಂದೆ. ಬೆಟ್ಟದಾಗೂ ಈಗೇನಿಲ್ಲ. ಗೋಶಾಲೆ ಬಂದಿದ್ರೆ ಒಂದಿಡಿ ಹುಲ್ಲಾದ್ರೂ ಸಿಗ್ತಿತ್ತು."

"ನಿಮಗೆ ಗೋಶಾಲೆ ಬಂದಿಲ್ವಾ?"

"ಎಲ್ಲಾ ಪಂಚಾಯ್ತಿಗೂ ಬಂತು" ಅಂದಳು ಕೆಂಪಕ್ಕ. "ನಮ್ಗ್ ಮಾತ್ರ ಇಲ್ಲ. ಕೇಳುದ್ರೆ ನಿಮ್ಮೂರಾಗೆ ಮಳೆ ಆಗೈತೆ ಅಂತಾರೆ. ಯಾವ್ ಮಳೆ, ಯಾರ್ ಕಂಡ್ರು? ನೀನಾದ್ರೂ ಆಪೀಸರ್‌ಗೊಂದ್ ಮಾತ್ ಹೇಳಮ್ಮ. ನಿನ್ ಯಂತ್ರ ಇಲ್ಲೇ ಐತಲ್ಲ, ಅದುಕ್ಕೆಲ್ಲಾ ಗೊತ್ತು."

ಭುವನಾ ಹೊಲದ ಮೂಲೆಯ ಡಬ್ಬದ ಕಡೆ ತಿರುಗಿ ನೋಡಿದಳು. ಆಮೇಲೆ ಕೇಳಿದಳು. "ಶ್ರಾವಣದಲ್ಲಿ ಒಂದು ಸಂಜೆ ಜೋರು ಮಳೆ ಬಂದಿತ್ತಲ್ವಾ ಕೆಂಪಕ್ಕ?"

"ಜೋರು ಮಳೇನಾ! ಮೋಡ ಬಂತು, ಮಕ ತೋರುಸ್ತು, ಹೊಂಟೋಯ್ತು. ಅವತ್ತೇ ಅಲ್ವಾ ನಾವು ಮಳೆರಾಯನ್ನ ಮಾಡಿದ್ದು?" ಕೆಂಪಕ್ಕನ ಮುಖದಲ್ಲಿ ಹೊಳಪು ಬಂತು. "ಕೆರೆ ಮಣ್ಣು ತಂದು ಮಳೆರಾಯನ್ ಮಾಡಿ, ಹಲಗೆ ಮ್ಯಾಲ್ ಕೂರ್ಸಿ, ಬೇವಿನ್ ಸೊಪ್ ಕಟ್ಟಿ ಮನೆ ಮನೆಗೂ ಹೊತ್ಕಂಡ್ ಬಂದ್ವಿ. ಎಲ್ರೂ ತಲೆ ಮ್ಯಾಲ್ ನೀರ್ ಹುಯ್ದ್ರು. ನಾನೂ ಹುಯ್ದೆ. ಆಮ್ಯಾಕೆ ನಂಗ್ ನೆಪ್ಪಾಯ್ತು ನೋಡು. ನೀನೇ ಹೇಳಿದ್ಯಲ್ಲ, ಇದ್ರ ತಲೆ ಮ್ಯಾಲ್ ಬಿದ್ರೇನೇ ಬೆಂಗ್ಳೂರಿಗ್ ಗೊತ್ತಾಗೋದು ಅಂತ. ಮಳೆರಾಯುಂಗೆ ಹುಯ್ದಂಗೇ ಇದ್ರ ತಲೆಗೂ ಒಂದ್ ಚೊಂಬು ಹುಯ್ದು, ಅರಿಶ್ಣ ಕುಂಕುಮ ಇಕ್ಕಿ ಕೈ ಮುಗ್ದೆ. ಏನೋ, ಇದೂ ಒಂದ್ ಮಳೆ ದೇವ್ರೇ ಅಲ್ವಾ?"

ಭುವನಾ ಮಾಪಕದ ಹತ್ತಿರ ಹೋದಳು. ಆಲಿಕೆಯ ಅಂಚಿನಲ್ಲಿ ಅರಿಶಿನ ಇನ್ನೂ ಮೆತ್ತಿಕೊಂಡಿತ್ತು. ಆ ಬಾಯಿಯ ಅಗಲಕ್ಕೆ ಒಂದು ಚೊಂಬು, ಹೆಚ್ಚುಕಮ್ಮಿ ಒಂದು ಲೀಟರ್ ನೀರು ಅಂದರೆ ಎಷ್ಟು ಮಳೆ ಅಂತ ಲೆಕ್ಕ ಹಾಕಲು ಅವಳಿಗೆ ಪೆನ್ನು ಬೇಕಾಗಿರಲಿಲ್ಲ. ಮೂವತ್ತು ಮಿಲಿಮೀಟರ್. ಅವಳು ಹೊರದೇಶಕ್ಕೆ ಕಳಿಸಿದ್ದ ಮೋಡ, ಬೆಟ್ಟ ಹತ್ತಿ ಬಂದು ಸುರಿದ ಆ ಮಳೆ, ಕೆಂಪಕ್ಕನ ಮನೆಯ ಹಿತ್ತಾಳೆ ಚೊಂಬಿನಿಂದ ಬಿದ್ದಿತ್ತು.

ಮುದ್ದೆ, ಹುರುಳಿ ಸಾರು ಬಂತು. ಕೆಂಪಕ್ಕ ಎದುರಿಗೇ ಕೂತು, "ಇನ್ನೊಂದ್ ಚೂರು" ಅಂತ ಬಡಿಸಿದಳು. ಭುವನಾ ಉಂಡಳು. ನಿಮ್ಮ ಆ ಚೊಂಬು ನೀರೇ ಗೋಶಾಲೆ ತಪ್ಪಿಸಿತು, ಅದನ್ನು ಮಳೆ ಅಂತ ಒಪ್ಪಿದವಳು ನಾನು ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. "ನಾನು ಮಾತಾಡ್ತೀನಿ, ಗೋಶಾಲೆ ಬರುತ್ತೆ" ಅಂದಳು. "ನಿನ್ ಹೊಟ್ಟೆ ತಣ್ಣಗಿರ್ಲಿ ತಾಯಿ" ಅಂದಳು ಕೆಂಪಕ್ಕ. ಆ ಹಾರೈಕೆ ಮಧುಗಿರಿ ದಾಟಿದರೂ ಅವಳ ಬೆನ್ನು ಬಿಡಲಿಲ್ಲ.

ಮರುದಿನವೇ ಭುವನಾ ತನ್ನ ಮೇಲಿನವರಾದ ಮಲ್ಲಿಕಾರ್ಜುನಯ್ಯನವರ ಕೋಣೆಗೆ ಹೋದಳು. ಅವರು ನಿವೃತ್ತಿಯ ಅಂಚಿನಲ್ಲಿದ್ದವರು, ಅವಳನ್ನು ಕೈ ಹಿಡಿದು ಬೆಳೆಸಿದವರು. ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲು ಲೆಕ್ಕ ಹೊಡೆದು ಹಾಕು. ಇವತ್ತೇ ಜಿಲ್ಲೆಗೆ ಬರಿ."

"ಏನಂತ ಬರೀಲಿ ಸರ್?"

"ಇದ್ದದ್ದು ಬರಿ. ಗ್ರಾಮಸ್ಥರು ಪೂಜೆ ಮಾಡುವಾಗ ಮಾಪಕಕ್ಕೆ ನೀರು ಹಾಕಿದ್ದರಿಂದ ತಪ್ಪು ಮಳೆ ದಾಖಲಾಗಿದೆ. ಯಾರ ಹೆಸರೂ ಬೇಡ, ಪಾಪ, ಯಾರ ಮೇಲೂ ಕೇಸು ಗೀಸು ಆಗೋದು ಬೇಡ."

"ಕಂಪ್ಯೂಟರ್ ಬೇಡ ಅಂದಿತ್ತು ಸರ್. ಫೋನ್ ಮಾಡದೆ ಒಪ್ಪಿದ್ದು ನಾನು."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಅದನ್ನ ಬರೆದ್ರೆ ನಿನ್ನ ಪ್ರಬಂಧ ಹೋಗುತ್ತೆ, ಉಳಿದ ಮಾಪಕಗಳ ಲೆಕ್ಕವನ್ನೂ ಯಾರೂ ನಂಬಲ್ಲ. ದನಕ್ಕೆ ಬೇಕಾಗಿರೋದು ಹುಲ್ಲು ಭುವನಾ, ನಿನ್ನ ತಪ್ಪೊಪ್ಪಿಗೆ ಅಲ್ಲ. ಆ ಚಿತ್ರದ ವಿಷಯ ಆಮೇಲೆ ನೋಡೋಣ."

ಅವಳು ಒಪ್ಪಿದಳು. ಒಪ್ಪುವಾಗ ಎದೆ ಹಗುರಾಯಿತು ಅನ್ನುವುದನ್ನೂ ಇಲ್ಲಿ ಹೇಳಲೇಬೇಕು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲದ, ಆದರೆ ತಾನು ಮಾತ್ರ ಎಲ್ಲೂ ಇಲ್ಲದ ಪತ್ರವೊಂದನ್ನು ಅವಳು ಅಚ್ಚುಕಟ್ಟಾಗಿ ಬರೆದು ಕಳಿಸಿದಳು. ಇಷ್ಟು ಓದಿದವರಿಗೆ ಈ ಕೆಲಸ ಚೆನ್ನಾಗಿ ಬರುತ್ತದೆ.

ಪತ್ರ ಕೆಲಸ ಮಾಡಿತು. ಪಂಚಾಯ್ತಿ ಬರದ ಪಟ್ಟಿಗೆ ಸೇರಿತು, ಗೋಶಾಲೆಗೆ ಮಂಜೂರಾತಿ ಸಿಕ್ಕಿತು. ಆ ಸುದ್ದಿಯನ್ನು ಪಂಚಾಯ್ತಿಯ ಬಿಲ್ ಕಲೆಕ್ಟರ್ ಸುನಿಲ್‌ಕುಮಾರ್ ಫೋನ್ ಮಾಡಿ ತಿಳಿಸಿದ. ಮಾಪಕದ ಬ್ಯಾಟರಿ ಕೆಟ್ಟರೆ ಅವಳಿಗೆ ಸುದ್ದಿ ಕೊಡುತ್ತಿದ್ದವನೂ ಅವನೇ.

"ಹುಲ್ಲಿನ ಲಾರಿ ನಾಳೆನೇ ಬರುತ್ತೆ ಮೇಡಂ. ತುಂಬಾ ಉಪಕಾರ ಆಯ್ತು. ಆದ್ರೆ ಒಂದ್ ವಿಷ್ಯ..." ಅವನು ತಡವರಿಸಿದ. "ನಿಮ್ಮ ಪತ್ರ ಮೀಟಿಂಗಲ್ಲಿ ಓದುದ್ವಿ. ಹೆಸರೇನೋ ಇರ್ಲಿಲ್ಲ. ಆದ್ರೆ ಆ ಡಬ್ಬಕ್ಕೆ ನೀರ್ ಹಾಕಿದ್ದು ಕೆಂಪಕ್ಕ ಅಂತ ಹಟ್ಟಿಗೆಲ್ಲಾ ಗೊತ್ತಲ್ಲ. ಆ ಬಿಳೀ ಹಸಾನೂ ಹೋಯ್ತು. ದೇವರ ದನ ನನ್ ಕೈಯಿಂದ ಸತ್ವು ಅಂತ ಆಯಮ್ಮ ಹಟ್ಟಿ ಬಿಟ್ಟು ಆಚೆ ಕೂತ್ಬುಟ್ಟಿದಾರೆ. ಇವತ್ ಬೆಳಿಗ್ಗೆಯಿಂದ. ಯಾರ್ ಕರುದ್ರೂ ಒಳಗ್ ಬರ್ತಿಲ್ಲ. ನೀವೊಂದ್ ಸಲ ಬಂದು ಸಮಾಧಾನ ಮಾಡುದ್ರೆ..."

"ಬರ್ತೀನಿ" ಅಂದಳು ಭುವನಾ.

ಅವತ್ತೇ ಮಧ್ಯಾಹ್ನ ಪತ್ರಿಕೆಯಿಂದ ಮೇಲ್ ಬಂತು. ಪ್ರಬಂಧ ಸ್ವೀಕೃತವಾಗಿದೆ, ಮೊದಲ ಚಿತ್ರ ಅತ್ಯುತ್ತಮವಾಗಿದೆ ಅಂತ.

ನಾಳೆ ಹೋಗೋಣ ಅಂದುಕೊಂಡಳು. ನಾಳೆ ಕೇಂದ್ರದಲ್ಲಿ ಮೀಟಿಂಗ್ ಇತ್ತು. ನಾಡಿದ್ದು ದೆಹಲಿಯಿಂದ ಯಾರೋ ಬರುವವರಿದ್ದರು. ಮೊದಲು ಹುಲ್ಲು ಹಟ್ಟಿ ಸೇರಲಿ, ದನ ಚೇತರಿಸಿಕೊಳ್ಳಲಿ, ಕೆಂಪಕ್ಕನ ಮನಸ್ಸೂ ತಾನೇ ತಿಳಿಯಾಗುತ್ತದೆ ಅಂದುಕೊಂಡಳು. ಶುಕ್ರವಾರ ಅಮ್ಮ ಇಂದ್ರಮ್ಮನ ಬಲವಂತಕ್ಕೆ ಗೊರವನಹಳ್ಳಿಗೆ ಹೋದಳು. ಪ್ರಬಂಧದ ಸಲುವಾಗಿ ಲಕ್ಷ್ಮಿಗೆ ಹರಕೆ ಹೊತ್ತಿದ್ದರಂತೆ ಅಮ್ಮ. ಸಾಲಿನಲ್ಲಿ ನಿಂತಾಗ ಮುಂದಿದ್ದ ಮುದುಕಿಯ ಬೆನ್ನು ಕೆಂಪಕ್ಕನ ಬೆನ್ನಿನಂತೆ ಕಂಡು ಕಣ್ಣು ಬೇರೆಡೆಗೆ ತಿರುಗಿಸಿದಳು. ಅಲ್ಲಿಂದ ಹಟ್ಟಿ ಅಂಥ ದೂರವೇನಲ್ಲ, ಕಾರೂ ಇತ್ತು. ಅಮ್ಮನನ್ನು ಮನೆಗೆ ಬಿಟ್ಟು, ಮಧುಗಿರಿಯ ಕಡೆ ತಿರುಗುವ ಬದಲು ಬೆಂಗಳೂರಿನ ರಸ್ತೆ ಹಿಡಿದಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುತ್ತಲೇ ಬೆಂಗಳೂರು ಸೇರಿದಳು.

ಮುಂದಿನ ವಾರ ಸುನಿಲ್‌ಕುಮಾರ್ ಮತ್ತೆ ಫೋನ್ ಮಾಡಿದ. ಈ ಸಲ ದನಿಯಲ್ಲಿ ಮೇಡಂ ಅನ್ನುವ ಮರ್ಯಾದೆ ಇತ್ತು, ಸಲಿಗೆ ಇರಲಿಲ್ಲ. "ಆಯಮ್ಮ ಊಟ ಸರಿಯಾಗಿ ಮಾಡ್ತಿಲ್ಲ. ನಿಮ್ಗೆ ಹೇಳ್ಬೇಕು ಅನ್ನುಸ್ತು, ಹೇಳ್ದೆ." ಭುವನಾ ಆಗಲೇ ಹೊರಟಳು.

ಹಟ್ಟಿಯ ಬೇಲಿಯಿಂದ ಒಂದು ಕೂಗಿನಳತೆ ದೂರದಲ್ಲಿ, ಹೊಂಗೆ ಮರದ ಕೆಳಗೆ ತೆಂಗಿನ ಸೋಗೆಯ ಒಂದು ಮರೆ. ಅದರೊಳಗೆ ಕಂಬಳಿ ಹಾಸಿಕೊಂಡು ಕೆಂಪಕ್ಕ ಕೂತಿದ್ದಳು. ಕೆನ್ನೆ ಒಳಗೆ ಹೋಗಿತ್ತು, ತಲೆಗೆ ಎಣ್ಣೆ ಕಂಡಿರಲಿಲ್ಲ. ಭುವನಾಳನ್ನು ಕಂಡು ಎದ್ದು ನಿಲ್ಲಲು ಹೋದಳು.

"ಅಲ್ಲೇ ನಿಂತ್ಕೋ ತಾಯಿ, ಮುಟ್ಬ್ಯಾಡ. ಬಿಸ್ಲಾಗ್ ಬಂದ್ಯಾ? ಉಂಡ್ಯಾ?" ಅಂದಳು. ಆಮೇಲೆ ದನಿ ಒಡೆಯಿತು. "ನೋಡಿದ್ಯಾ ನಾನ್ ಮಾಡಿದ್ ಕೆಲ್ಸಾನ? ನೀನು ಅಷ್ಟ್ ದುಡ್ಡಿನ್ ಯಂತ್ರ ನನ್ನ ನಂಬಿ ಬುಟ್ಟೋಗಿದ್ದೆ. ನಾನ್ ಅದುಕ್ಕೆ ನೀರ್ ಹುಯ್ದು, ನಿನ್ ಲೆಕ್ಕಾನೂ ಕೆಡಿಸ್ದೆ, ದೇವ್ರ್ ದನಾನೂ ಕೊಂದೆ."

ಕಾರು ಕಂಡು ಹಟ್ಟಿಯವರು ಒಬ್ಬೊಬ್ಬರೇ ಬೇಲಿಯ ಹತ್ತಿರ ಬಂದರು. ಬೋರಣ್ಣ ರೊಪ್ಪದಿಂದ ಬಂದ, ಸುನಿಲ್‌ಕುಮಾರ್ ಪಂಚಾಯ್ತಿಯ ಕಡೆಯಿಂದ ಬಂದ. ರೊಪ್ಪದಲ್ಲಿ ಉಳಿದ ದನಗಳು ಲಾರಿಯಲ್ಲಿ ಬಂದ ಒಣಹುಲ್ಲಿಗೆ ತಲೆ ಹಾಕಿದ್ದವು.

"ನಾವ್ಯಾರೂ ಹೋಗು ಅನ್ಲಿಲ್ಲ ಕಣಮ್ಮ" ಅಂದ ಬೋರಣ್ಣ. "ದೇವ್ರ್ ದನ ಯಾರ್ ಕೈಯಿಂದ ಸಾಯ್ತೈತೋ ಅವ್ರು ದೇವ್ರು ಹೂ ಕೊಟ್ಟು ಒಪ್ಪೋಗಂಟ ಹಟ್ಟಿ ಒಳೀಕೆ ಕಾಲಿಡಂಗಿಲ್ಲ. ಅದು ಹಿಂದ್ಲಿಂದ ಬಂದಿರೋದು. ಆದ್ರೆ ಇವ್ಳು ಬೇಕೂಂತ ಮಾಡುದ್ಲಾ? ಹೂ ಕೇಳಾನ ಬಾ ಅಂದ್ರೆ, ದೇವ್ರ್ ಮುಂದೆ ನಿಲ್ಲಕ್ಕೆ ನಂಗ್ ಮಕ ಇಲ್ಲ ಅಂತಾಳೆ. ನೀನಾದ್ರೂ ಹೇಳು."

ಭುವನಾ ಕಾರಿನಲ್ಲಿ ಇಡೀ ದಾರಿ ಮಾತು ಜೋಡಿಸಿಕೊಂಡು ಬಂದಿದ್ದಳು. ಎಲ್ಲ ಮರೆತುಹೋಯಿತು.

"ಕೆಂಪಕ್ಕ, ದನ ಸತ್ತಿದ್ದು ನಿಮ್ಮಿಂದ ಅಲ್ಲ, ನನ್ನಿಂದ" ಅಂದಳು. "ನೀವು ಹಾಕಿದ ನೀರು ಮಳೆ ಅಲ್ಲ ಅಂತ ಆವತ್ತೇ ಕಂಪ್ಯೂಟರಿಗೆ ಅನುಮಾನ ಬಂದಿತ್ತು. ಊರಿಗೆ ಫೋನ್ ಮಾಡಿ ಕೇಳು ಅಂತ ನನ್ನ ಮುಂದೆ ಕೆಂಪಗೆ ಬರೆದು ತೋರಿಸ್ತು. ಕೇಳೋದು ನನ್ನ ಕೆಲಸ. ನಾನು ಕೇಳಲಿಲ್ಲ. ಮಳೆ ಅಂತ ನಾನೇ ಒಪ್ಪಿದೆ, ಯಾಕಂದ್ರೆ ನನಗೆ ಆ ಮಳೆ ಬೇಕಾಗಿತ್ತು. ನಾನು ಬೇಡ ಅಂದಿದ್ರೆ ನಿಮ್ಮ ಚೊಂಬು ನೀರು ಅಲ್ಲಿಗೇ ಮುಗೀತಿತ್ತು. ಗೋಶಾಲೆ ಎಲ್ಲರ ಜೊತೆಗೇ ನಿಮಗೂ ಬರ್ತಿತ್ತು."

ಬೇಲಿಯ ಹತ್ತಿರ ನಿಂತ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡ್ರವ್ವ, ಓದಿರೋರು ಅಂದ್ರೆ ಇಂಗಿರ್ಬೇಕು" ಅಂದಳು.

"ಎಂಥಾ ದೊಡ್ ಮನ್ಸು" ಅಂದ ಇನ್ನೊಬ್ಬ.

ಭುವನಾಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕೆಂಪಕ್ಕ ಎರಡೂ ಕೈ ಜೋಡಿಸಿ ಅಳುತ್ತಿದ್ದಳು. "ಬ್ಯಾಡ ಕಣಮ್ಮ, ನನ್ ತಪ್ಪನ್ನ ನಿನ್ ತಲೆ ಮ್ಯಾಲ್ ಹಾಕ್ಕಬ್ಯಾಡ. ನಾನ್ ಮುದ್ಕಿ, ಸಾಯೋಳು. ನೀನು ಬಾಳಿ ಬದ್ಕಬೇಕಾದೋಳು. ನೀರ್ ಹುಯ್ದಿದ್ದು ಈ ಕೈ. ಇದು ನಂಗೆ ಗೊತ್ತಿಲ್ವಾ?"

"ಕೆಂಪಕ್ಕ, ನಾನು ಸಮಾಧಾನಕ್ಕೆ ಹೇಳ್ತಿಲ್ಲ. ನಿಜ ಹೇಳ್ತಿದೀನಿ."

"ಗೊತ್ತು ಬುಡು ತಾಯಿ, ಗೊತ್ತು" ಅಂದ ಬೋರಣ್ಣ. ಆ ದನಿಯಲ್ಲಿದ್ದ ಪ್ರೀತಿ ಭುವನಾಗೆ ಕಪಾಳಕ್ಕೆ ಬಿಗಿದಂತಾಯಿತು. ಪತ್ರದಲ್ಲಿ ಬರೆದಿದ್ದನ್ನು ಅಷ್ಟು ಬೇಗ ನಂಬಿದ ಜನ, ಅವಳು ಬಾಯಿಬಿಟ್ಟು ಹೇಳಿದ್ದನ್ನು ನಂಬಲಿಲ್ಲ. ಅವಳು ಒಳ್ಳೆಯವಳು ಅಂತ ಅವರು ತೀರ್ಮಾನ ಮಾಡಿಯಾಗಿತ್ತು. ಹೀಗೇ ಕಾರು ಹತ್ತಿ ಹೊರಟರೆ ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ಪ್ರಬಂಧವೂ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಕೆಂಪಕ್ಕ ಆ ಸೋಗೆಯ ಕೆಳಗೇ ಕೂತಿರುತ್ತಿದ್ದಳು.

ಅವಳು ಫೋನ್ ತೆಗೆದು ಮಲ್ಲಿಕಾರ್ಜುನಯ್ಯನವರ ನಂಬರ್ ಒತ್ತಿದಳು. ದನಿ ಎಲ್ಲರಿಗೂ ಕೇಳುವಂತೆ ಮಾಡಿ ಕೈ ಎತ್ತಿ ಹಿಡಿದಳು.

"ಹೇಳು ಭುವನಾ."

"ಸರ್, ನಾನು ಕರೇಕಲ್ಲಹಟ್ಟೀಲಿದೀನಿ. ಫೋನ್ ಸ್ಪೀಕರಲ್ಲಿದೆ, ಹಟ್ಟಿಯವರೆಲ್ಲ ಕೇಳಿಸಿಕೊಳ್ತಿದಾರೆ. ಆ ಮೂವತ್ತು ಮಿಲಿಮೀಟರ್ ಮಳೇನ ಕಂಪ್ಯೂಟರ್ ಬೇಡ ಅಂದ್ರೂ ಒಪ್ಪಿದ್ದು ಯಾರು ಅಂತ ಇವರಿಗೆ ಹೇಳಿ ಸರ್. ನಾನು ಹೇಳಿದ್ರೆ ನಂಬ್ತಿಲ್ಲ."

ಆ ಕಡೆ ಕುರ್ಚಿ ಸರಿಸಿ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಯೋಚನೆ ಮಾಡಿದೀಯಾ?" ಅಂದರು ಅವರು. "ಹೇಳಿದ್ ಮೇಲೆ ವಾಪಸ್ ತಗೊಳ್ಳಕ್ಕಾಗಲ್ಲ."

"ಮಾಡಿದೀನಿ ಸರ್."

ಅವರು ಗಂಟಲು ಸರಿ ಮಾಡಿಕೊಂಡ ಸದ್ದು ಹೊಂಗೆ ಮರದ ಕೆಳಗೆ ಎಲ್ಲರಿಗೂ ಕೇಳಿಸಿತು. "ನೋಡ್ರಪ್ಪ, ನಾನು ಇವರ ಆಫೀಸಿನ ಮುಖ್ಯಸ್ಥ. ಭುವನಾ ಹೇಳಿದ್ದು ನಿಜ. ನೀರು ಹಾಕಿದ್ದು ಯಾರೇ ಇರ್ಲಿ, ಅದು ಮಳೆಯಲ್ಲ ಅಂತ ಕಂಡುಹಿಡಿಯೋದು ನಮ್ಮ ಕೆಲಸ. ಅವಳು ಮಾಡಲಿಲ್ಲ. ಅದನ್ನ ಪತ್ರದಲ್ಲಿ ಬರೀಬೇಡ ಅಂತ ಹೇಳಿದ್ದು ನಾನು. ನಿಮ್ಮ ಹಟ್ಟಿಯವರದ್ದು ಏನೂ ತಪ್ಪಿಲ್ಲ ಅಂತ ಇನ್ನೊಂದು ಪತ್ರ ಕಳಿಸ್ತೀವಿ." ಸ್ವಲ್ಪ ತಡೆದು, "ಆ ಪ್ರಬಂಧ ವಾಪಸ್ ತಗೋ ಭುವನಾ" ಅಂದು ಫೋನ್ ಇಟ್ಟರು.

ಜನರ ಮುಖಗಳು ಬದಲಾದವು. ಸ್ವಲ್ಪ ಹೊತ್ತಿನ ಹಿಂದೆ ಕಣ್ಣೊರೆಸಿಕೊಂಡಿದ್ದ ಹೆಂಗಸು ಸೆರಗು ಕೆಳಗೆ ಬಿಟ್ಟಳು. ಬೋರಣ್ಣ ಭುವನಾಳನ್ನು ಹೊಸಬಳನ್ನು ನೋಡುವಂತೆ ನೋಡಿದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅವಳಿಗೆ.

"ಅಂಗಾದ್ರೆ ಕೆಂಪಮ್ಮಂದೇನಿಲ್ಲ" ಅಂದ ಅವನು, ಹಟ್ಟಿಯವರ ಕಡೆ ತಿರುಗಿ. "ಹೂ ಕೇಳೋದೂ ಬ್ಯಾಡ. ಏಳು ಕೆಂಪಮ್ಮ, ಒಳೀಕ್ ನಡಿ."

ಇಬ್ಬರು ಹೆಂಗಸರು ಬಂದು ಕೆಂಪಕ್ಕನ ರಟ್ಟೆ ಹಿಡಿದರು. ಅವಳು ಎದ್ದಳು. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡಳು. ಭುವನಾಗೆ ಅಳು ಬಂತು. ಕೊನೆಗೂ ಮುಗಿಯಿತು ಅನ್ನುವ ಅಳು. ಎರಡು ಹೆಜ್ಜೆ ಇಟ್ಟ ಕೆಂಪಕ್ಕ ಅವಳ ಎದುರಿಗೆ ಬಂದು ನಿಂತಳು.

"ನಾನ್ ಇಲ್ಲಿ ಬಂದ್ ಕುಂತಿರೋದು ನಿಂಗ್ ಯಾವಾಗ್ ತಿಳೀತು?"

ಇವತ್ತು ಅನ್ನುವ ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಹಿಂದೆ ನಿಂತ ಸುನಿಲ್‌ಕುಮಾರ್ ನೆಲ ನೋಡುತ್ತಿದ್ದ. ಅವಳು ಸುಳ್ಳು ಹೇಳಿದ್ದರೂ ಅವನು ಬಾಯಿ ಬಿಡುತ್ತಿರಲಿಲ್ಲ.

"ನೀವು ಬಂದು ಕೂತ ದಿನಾನೇ ತಿಳೀತು" ಅಂದಳು ಭುವನಾ.

"ಅವತ್ತೇ?"

"ಅವತ್ತೇ."

ಕೆಂಪಕ್ಕ ಅವಳ ಮುಖವನ್ನೇ ನೋಡಿದಳು. ದನಿ ಏರಿಸಲಿಲ್ಲ. "ಯಂತ್ರುದ್ ತಪ್ಪು ಯಾರ್ಗಾದ್ರೂ ಆಗ್ತೈತೆ, ಬುಡು. ಕಾಗ್ದ ಬರ್ಯೋವಾಗ ಹೆದ್ರುಕಂಡೆ, ಅದುನ್ನೂ ಬುಟ್ಟೆ. ನಾನು ದಿನಾ ಇಲ್ಲಿ ಕುಂತ್ಕಂಡು, ಸತ್ತಿರೋ ದನಗುಳ್ನ ಒಂದೊಂದೇ ಹೆಸ್ರಿಡ್ದ್ ಕರ್ದು, ತಪ್ಪಾಯ್ತು ತಪ್ಪಾಯ್ತು ಅಂತ ಮಣ್ಣಿಗ್ ಹಣೆ ಇಕ್ಕುತಿದ್ನಲ್ಲ. ಅಲ್ಲ ಕೆಂಪಕ್ಕ, ನಿಂದಲ್ಲ ಅಂತ ಒಂದ್ ಮಾತು ನಿನ್ ತಾವ ಇತ್ತು. ಇಟ್ಕಂಡು ಸುಮ್ನಿದ್ಯಲ್ಲ. ಇದುನ್ನ ನಾನ್ ಹೆಂಗವ್ವ ಬುಡ್ಲಿ?"

ಕೆಂಪಕ್ಕ ಉತ್ತರಕ್ಕೆ ಕಾಯಲಿಲ್ಲ. ಹೆಂಗಸರ ಭುಜ ಹಿಡಿದುಕೊಂಡು ನಿಧಾನಕ್ಕೆ ಬೇಲಿಯ ಕಡೆ ನಡೆದಳು. ಉಳಿದವರೂ ಹಿಂದೆ ಹೋದರು. ಬೋರಣ್ಣ ಕೊನೆಯವನಾಗಿ ಒಳಗೆ ಹೋಗಿ, ದಾರಿಗೆ ಅಡ್ಡಲಾಗಿ ಮುಳ್ಳಿನ ತಡಿಕೆ ಎಳೆದ. ಊಟದ ಹೊತ್ತಾಗಿತ್ತು, ಒಳಗಿಂದ ಸಾರಿನ ವಾಸನೆ ಬರುತ್ತಿತ್ತು. ಅವಳನ್ನು ಯಾರೂ ಕರೆಯಲಿಲ್ಲ.